ಹಳೆಯ ಆವೃತ್ತಿಗಳ ಹೊಣೆ ಎಲ್ಲಿಯವರೆಗೆ?

ಉಚಿತವಾಗಿ ಕೊಟ್ಟವನ ಹೊಣೆ ಕೊಟ್ಟ ಗಳಿಗೆಗೇ ಮುಗಿಯುತ್ತದೆಯೇ, ಅಥವಾ ಪಡೆದವನು ಅದನ್ನು ನೆಚ್ಚಿಕೊಂಡಿರುವಷ್ಟು ಕಾಲವೂ ಉಳಿಯುತ್ತದೆಯೇ? ಈ ಜಿಜ್ಞಾಸೆ ಹೊಸದಲ್ಲ. ಬಾವಿ ತೋಡಿಸಿದವನೇ ಅದರ ಹೂಳನ್ನೂ ತೆಗೆಸಬೇಕೆ, ಧರ್ಮಶಾಲೆ ಕಟ್ಟಿಸಿದವನೇ ಸೂರು ಸೋರಿದಾಗ ಹೆಂಚನ್ನೂ ಹೊದಿಸಬೇಕೆ ಎಂಬ ಪ್ರಶ್ನೆಯನ್ನು ಯಾವ ಊರಿನ ಹಿರಿಯರೂ ಎದುರಿಸದೆ ಬಿಟ್ಟಿಲ್ಲ. ಗಣಕಯಂತ್ರದ ಈ ಕಾಲದಲ್ಲಿ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ನಮ್ಮ ಮುಂದೆ ನಿಂತಿದೆ. ಮುಕ್ತ ತಂತ್ರಾಂಶವೊಂದನ್ನು ಬರೆದು ಲೋಕಕ್ಕೆ ಕೊಟ್ಟವರು ಎಷ್ಟು ಹಳೆಯ ಆವೃತ್ತಿಗಳವರೆಗೆ ಅದನ್ನು ನಡೆಸಿಕೊಡಬೇಕು ಎಂಬುದೇ ಪ್ರಸ್ತುತ ಲೇಖನದ ವಿಚಾರ. ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ಚರ್ಚೆಯೆಂದು ವಾಚಕರು ಪುಟ ತಿರುವಬಾರದೆಂದು ಬಿನ್ನಹ. ನಮ್ಮ ಟ್ರಸ್ಟುಗಳ ದಾನಿಗಳ ಪಟ್ಟಿಯೂ ಸ್ಮರಣ ಸಂಚಿಕೆಗಳೂ ಈ ಚರ್ಚೆಯ ಒಳಗೇ ಇವೆ.

ಮೊದಲು ಪದಾರ್ಥ ಸ್ಪಷ್ಟವಾಗಲಿ. ಮೂಲಸಂಕೇತವನ್ನು ಮುಚ್ಚಿಡದೆ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಪರವಾನಗಿಯೊಡನೆ ಪ್ರಕಟಿಸಿದ್ದು ಮುಕ್ತ ತಂತ್ರಾಂಶ. ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಕೆಳಗೆ ಗಣಕಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಅದನ್ನು ಬರೆದ ಭಾಷೆ ಇರುತ್ತದೆ. ಬೇರೆಯವರು ಬರೆದಿಟ್ಟ ಹತ್ತಾರು ಸಿದ್ಧ ಭಾಗಗಳಿರುತ್ತವೆ. ಇವುಗಳಿಗೆ ಅವಲಂಬನೆಗಳೆಂದು ಹೆಸರು. ಪ್ರತಿಯೊಂದು ಅವಲಂಬನೆಯೂ ಕಾಲಕಾಲಕ್ಕೆ ಹೊಸ ಆವೃತ್ತಿಯಾಗಿ ಬರುತ್ತಿರುತ್ತದೆ. ಹೊಸತರಲ್ಲಿ ಕೆಲವು ಸೌಕರ್ಯ ಸೇರುತ್ತವೆ, ಹಳೆಯ ಕೆಲವು ರೀತಿಗಳು ಅಳಿಯುತ್ತವೆ. ಆದುದರಿಂದ ತಂತ್ರಾಂಶದ ಪಾಲಕನು, ಇಂಥ ಆವೃತ್ತಿಯಿಂದ ಇಂಥ ಆವೃತ್ತಿಯವರೆಗೆ ಇದು ನಡೆಯುತ್ತದೆ ಎಂದು ಒಂದು ಗೆರೆ ಎಳೆಯಲೇಬೇಕಾಗುತ್ತದೆ. ಆ ಗೆರೆಯ ಆಚೆಗೆ ಯಾರು ಉಳಿಯುತ್ತಾರೆ ಎಂಬಲ್ಲಿ ನೀತಿಯ ಪ್ರಶ್ನೆ ಹುಟ್ಟುತ್ತದೆ.

ಕನ್ನಡದ್ದೇ ಒಂದು ಉದಾಹರಣೆ

ಕನ್ನಡವು ಗಣಕಯಂತ್ರವನ್ನು ಹೊಕ್ಕಾಗ ಎಲ್ಲರಿಗೂ ಸಮಾನವಾದ ಒಂದು ಸಂಕೇತಕ್ರಮ ಬಳಕೆಯಲ್ಲಿರಲಿಲ್ಲ. ಒಂದೊಂದು ತಂತ್ರಾಂಶವೂ ತನ್ನದೇ ಅಕ್ಷರಶೈಲಿಯನ್ನು ಮಾಡಿಕೊಂಡು, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿತು. 1998ರಲ್ಲಿ ಬಂದ ಬರಹ, ಆ ಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ವ್ಯಾಪಾರದ ತಂತ್ರಾಂಶಗಳಾದ ಶ್ರೀಲಿಪಿ, ಆಕೃತಿ, ಇವೆಲ್ಲ ಆ ದಾರಿಯಲ್ಲಿ ನಡೆದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿಯೇ ಬಂದು, ಅದರಲ್ಲಿ ಕನ್ನಡಕ್ಕೂ ಜಾಗ ದೊರೆತಿತ್ತು. ಆದರೆ ಸಾಮಾನ್ಯರ ಯಂತ್ರಕ್ಕೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ. ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಒಗ್ಗಲೇ ಇಲ್ಲ. ಏಳನೆಯ ಆವೃತ್ತಿಯೊಡನೆ ಅದರ ಬೆಳವಣಿಗೆಯೂ ನಿಂತಿತು. ಹೀಗಾಗಿ ನಮ್ಮ ಭಾಗದ ಸಣ್ಣ ಮುದ್ರಣಾಲಯಗಳಲ್ಲಿ ಪೇಜ್‌ಮೇಕರಿಗಾಗಿಯೇ ಉಳಿಸಿಕೊಂಡ ಹಳೆಯ ಯಂತ್ರವೊಂದನ್ನು ಈಗಲೂ ಕಾಣಬಹುದು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿ, ಪೂಜಾ ಪುಸ್ತಿಕೆ, ವಂಶಾವಳಿಗಳೆಲ್ಲ ಅದರಲ್ಲಿ ಹಳೆಯ ಸಂಕೇತದಲ್ಲಿಯೇ ಕುಳಿತಿವೆ.

ಈ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಪ್ರತಿಫಲ ಬಯಸದೆ ಬರೆದುಕೊಟ್ಟಿದ್ದಾರೆ. ಅಂಥದೊಂದು ಪರಿವರ್ತಕ ಪೈಥಾನ್ ಎಂಬ ಭಾಷೆಯಲ್ಲಿದೆ ಎಂದು ಭಾವಿಸೋಣ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಅದರ ಮುಂದಿನದಾದ, 2020ರ ಅಕ್ಟೋಬರಿನ 3.9 ಆ ಯಂತ್ರವನ್ನು ಹತ್ತಲಾರದು. ವಿಂಡೋಸ್ 7ಕ್ಕೆ ಅದರ ಕಂಪನಿಯೇ 2020ರ ಜನವರಿ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು, ಪೈಥಾನ್ 3.8ಕ್ಕೂ 2024ರಲ್ಲಿ ಅವಧಿ ಮುಗಿಯಿತು. ಈಗ ಪರಿವರ್ತಕದ ಪಾಲಕನು 3.8ನ್ನು ಕೈಬಿಟ್ಟರೆ ಆತನ ಕೆಲಸ ಹಗುರವಾಗುತ್ತದೆ. ಆದರೆ ಹಳೆಯ ಬರವಣಿಗೆ ಇರುವುದೇ ಹಳೆಯ ಯಂತ್ರದಲ್ಲಿ. ಯಾರಿಗಾಗಿ ಪರಿವರ್ತಕ ಹುಟ್ಟಿತೋ ಅವರೇ ಗೆರೆಯ ಆಚೆಗೆ ಉಳಿಯುತ್ತಾರೆ.

ಎರಡು ಪಕ್ಷಗಳು

ಇಲ್ಲಿ ಬಳಸುವವನ ಪಕ್ಷ ಬೇಗ ಅರ್ಥವಾಗುತ್ತದೆ. ಯಂತ್ರ ನಡೆಯುತ್ತಿದೆ, ಹೊಸದು ಕೊಳ್ಳಲು ಹಣವಿಲ್ಲ, ಕಲಿತ ಕೈಗೆ ಹೊಸದನ್ನು ಕಲಿಸುವ ಪುರುಸೊತ್ತಿಲ್ಲ. ಆತನನ್ನು ಸೋಮಾರಿ ಎನ್ನುವುದು ಅನ್ಯಾಯ.

ಪಾಲಕನ ಪಕ್ಷವನ್ನು ಲೆಕ್ಕ ಹಾಕಿ ನೋಡಬೇಕು. ಪೈಥಾನ್‌ನ ಐದು ಆವೃತ್ತಿ, ಒಂದು ಅವಲಂಬನೆಯ ಮೂರು ಆವೃತ್ತಿ, ಮೂರು ಬಗೆಯ ಕಾರ್ಯಾಚರಣ ವ್ಯವಸ್ಥೆ ಎಂದರೆ 45 ಜೋಡಣೆಗಳಾದವು. ಇನ್ನೊಂದು ಅವಲಂಬನೆಯ ಎರಡು ಆವೃತ್ತಿಗಳು ಸೇರಿದರೆ 90. ಯಂತ್ರವೇ ಪರೀಕ್ಷೆ ಮಾಡುತ್ತದೆ ನಿಜ. ಆದರೆ ಆ ತೊಂಬತ್ತರಲ್ಲಿ ಒಂದು ಕೆಟ್ಟರೂ ರಾತ್ರಿ ಕುಳಿತು ಕಾರಣ ಹುಡುಕಬೇಕಾದವನು ಮನುಷ್ಯ. ಹಗಲು ಹೊಟ್ಟೆಪಾಡಿನ ಉದ್ಯೋಗ ಮಾಡಿ, ರಾತ್ರಿ ಈ ಸೇವೆ ಮಾಡುವವರೇ ಬಹಳ. ಹಳೆಯದಕ್ಕೆ ಕಳೆದ ಪ್ರತಿ ಗಂಟೆಯೂ ಹೊಸ ದೋಷದ ತಿದ್ದುಪಡಿಯಿಂದ ಕಡಿತವಾದ ಗಂಟೆಯೇ. ಲೋಕದ ಅತಿ ದೊಡ್ಡ ಮುಕ್ತ ಯೋಜನೆಗಳಲ್ಲಿ ಒಂದಾದ ಲಿನಕ್ಸ್ ತಿರುಳಿನ ಪಾಲಕರು, ದೀರ್ಘಾವಧಿ ಆವೃತ್ತಿಗಳಿಗೆ ಆರು ವರ್ಷ ಕೊಡುತ್ತಿದ್ದ ಬೆಂಬಲವನ್ನು ಎರಡು ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ತಿಳಿಸಿದರು. ಹಳೆಯ ಆವೃತ್ತಿಗಳ ಬಳಕೆ ಕಡಮೆ, ಹೊರುವವರ ಬಳಲಿಕೆ ಹೆಚ್ಚು ಎಂಬುದೇ ಅದರ ಹಿಂದಿನ ಕಾರಣ. ಅಷ್ಟು ದೊಡ್ಡ ಬಳಗಕ್ಕೇ ಭಾರವಾದದ್ದು ಒಬ್ಬಂಟಿಗನಿಗೆ ಹಗುರವಾಗುವುದಿಲ್ಲ.

ಪಾಲಕನ ಪರವಾಗಿ ಇನ್ನೊಂದು ಮಾತು ಹೇಳಬೇಕು. ಮುಕ್ತ ತಂತ್ರಾಂಶದಲ್ಲಿ ಬೆಂಬಲ ನಿಲ್ಲಿಸುವುದೆಂದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದಲ್ಲ. ಹಳೆಯ ಪ್ರತಿ ಬಳಸುವವನ ಬಳಿಯಲ್ಲಿಯೇ ಇರುತ್ತದೆ, ಅದರ ಮೂಲಸಂಕೇತವೂ ಲಭ್ಯ. ಮುಂದಿನ ತಿದ್ದುಪಡಿಗಳು ಮಾತ್ರ ಅದಕ್ಕೆ ಬರುವುದಿಲ್ಲ. ಕೊಡದಿರುವುದು ಬೇರೆ, ಕಸಿಯುವುದು ಬೇರೆ. ಆದರೆ ಈ ಭೇದ ನಿಜವಾಗಿ ಉಳಿಯುವುದು ಪಾಲಕನು ತನ್ನ ಗೆರೆಯನ್ನು ಸರಿಯಾಗಿ ಸಾರಿದಾಗ ಮಾತ್ರ. ಪೈಥಾನ್ ಪ್ಯಾಕೇಜುಗಳಲ್ಲಿ, ಇದಕ್ಕೆ ಇಂಥ ಪೈಥಾನ್ ಬೇಕು ಎಂದು ಒಂದು ಸಾಲು ಬರೆದಿಡುವ ಏರ್ಪಾಟಿದೆ. 2016ರಲ್ಲಿ ಬಂದ ಪಿಪ್ 9ರಿಂದೀಚೆಗೆ ಸ್ಥಾಪನೆಯ ಸಾಧನವು ಆ ಸಾಲನ್ನು ಓದಿ, ಹಳೆಯ ಯಂತ್ರಕ್ಕೆ ಹೊಂದುವ ಕೊನೆಯ ಆವೃತ್ತಿಯನ್ನು ತಾನಾಗಿಯೇ ಆರಿಸಿಕೊಡುತ್ತದೆ. ಆ ಒಂದು ಸಾಲು ಇದ್ದರೆ ಹಳಬನಿಗೆ ಹಳೆಯದು ಸಿಕ್ಕುತ್ತದೆ. ಇಲ್ಲದಿದ್ದರೆ ಆತನ ಯಂತ್ರಕ್ಕೆ ನಡೆಯದ ಹೊಸದು ಇಳಿದು, ನಿನ್ನೆಯವರೆಗೆ ಆಗುತ್ತಿದ್ದ ಕೆಲಸವೂ ನಿಲ್ಲುತ್ತದೆ. ಒಂದೇ ನಿರ್ಧಾರ, ಒಂದು ಸಾಲಿನ ಅಂತರದಲ್ಲಿ ನಿರುಪದ್ರವಿಯೂ ಆಗಬಲ್ಲದು, ಅಪಕಾರಿಯೂ ಆಗಬಲ್ಲದು.

ಹೊಸದೆಲ್ಲ ಸುರಕ್ಷಿತವೇ?

ಹಳೆಯದರಲ್ಲಿ ಅಪಾಯವಿದೆ ಎಂಬ ವಾದ ಪ್ರಬಲವಾದುದು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಅವಲಂಬನೆಯಲ್ಲಿ ಘೋರ ದೋಷವೊಂದು ಕಂಡುಬಂದು ಜಗತ್ತಿನಾದ್ಯಂತ ಕಚೇರಿಗಳು ತಲ್ಲಣಿಸಿದವು. ಅದರ ಪಾಲಕರು ಬೆರಳೆಣಿಕೆಯ ಸ್ವಯಂಸೇವಕರು. ತಿದ್ದಿದ ಆವೃತ್ತಿಗೆ ಜಾವಾ 8 ಬೇಕಾಗಿತ್ತು. ಆದರೆ ಜಾವಾ 7 ಮತ್ತು ಜಾವಾ 6ರಲ್ಲಿಯೇ ಉಳಿದವರನ್ನು ಅವರು ಕೈಬಿಡಲಿಲ್ಲ, ಅವರಿಗಾಗಿ 2.12.2 ಮತ್ತು 2.3.1 ಎಂಬ ಬೇರೆ ತಿದ್ದುಪಡಿಗಳನ್ನು ಅದೇ ತಿಂಗಳಲ್ಲಿ ಹೊರತಂದರು. ಬೆಂಬಲದ ಗೆರೆ ದಾಟಿದವರಿಗೂ ಪ್ರಾಣಾಪಾಯದಂಥ ಸಂದರ್ಭದಲ್ಲಿ ಕೈ ಚಾಚಬಹುದೆಂಬುದಕ್ಕೆ ಇದು ನಿದರ್ಶನ. ನಿತ್ಯದ ನಿಯಮ ಒಂದಿರಬಹುದು, ಆಪತ್ಕಾಲದ ಕರ್ತವ್ಯ ಅದಕ್ಕಿಂತ ವಿಶಾಲವಾಗಿರಬಹುದು.

ಹಾಗೆಂದು ಹೊಸದೇ ಕ್ಷೇಮವೆಂದು ನಂಬುವಂತಿಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಎಂಬ ಅವಲಂಬನೆಯ ಆಗಿನ ಹೊಚ್ಚಹೊಸ ಆವೃತ್ತಿಗಳಾದ 5.6.0 ಮತ್ತು 5.6.1ರಲ್ಲಿಯೇ ಕಳ್ಳಬಾಗಿಲು ಪತ್ತೆಯಾಯಿತು. ಆತುರಪಡದೆ ಹಿಂದಿನ ಆವೃತ್ತಿಯಲ್ಲಿ ನಿಂತಿದ್ದ ಡೆಬಿಯನ್‌ನ ಸ್ಥಿರ ಆವೃತ್ತಿಯಂಥವು ಅದರಿಂದ ಪಾರಾದವು. ಆದುದರಿಂದ ಹಳತು ಹೊಸತೆಂಬ ಎರಡು ಅತಿಗಳನ್ನೂ ಬಿಟ್ಟು, ಪರೀಕ್ಷೆಗೆ ನಿಂತ ಒಂದು ನಡುವಣ ಹರಹನ್ನು ಆರಿಸಿಕೊಳ್ಳುವುದೇ ವಿವೇಕ.

ಗೆರೆ ಎಳೆಯುವ ರೀತಿಗಳು

ಈ ಹರಹನ್ನು ನಿಶ್ಚಯಿಸಲು ಯೋಜನೆಗಳು ಹಲವು ಮಾನದಂಡಗಳನ್ನು ಬಳಸುತ್ತವೆ. ಕಾಲದ ಮಾನ ಒಂದು. ವಿಜ್ಞಾನಿಗಳು ಬಳಸುವ ನಂಪೈ ಎಂಬ ಯೋಜನೆ 2019ರಲ್ಲಿ, ಹಿಂದಿನ 42 ತಿಂಗಳುಗಳಲ್ಲಿ ಬಂದ ಪೈಥಾನ್ ಆವೃತ್ತಿಗಳನ್ನು ಮಾತ್ರ ಬೆಂಬಲಿಸುವ ನಿಯಮ ಮಾಡಿಕೊಂಡಿತು. ಆ ಬಳಗದ ಮುಂದಿನ ಒಪ್ಪಂದ ಅದನ್ನು ಮೂರು ವರ್ಷಕ್ಕೆ, ಇತರ ಅವಲಂಬನೆಗಳನ್ನು ಎರಡು ವರ್ಷಕ್ಕೆ ನಿಲ್ಲಿಸಿತು. ಎರಡನೆಯದು ಮೂಲದವರ ಮಾನ: ಅವಲಂಬನೆಯನ್ನು ಮಾಡಿದವರೇ ಎಲ್ಲಿಯವರೆಗೆ ತಿದ್ದುತ್ತಾರೋ ಅಲ್ಲಿಯವರೆಗೆ. ಪೈಥಾನ್‌ನಲ್ಲಿ ಅದು ಒಂದೊಂದು ಆವೃತ್ತಿಗೆ ಸುಮಾರು ಐದು ವರ್ಷ. ಮೂರನೆಯದು ಹಂಚುವವರ ಮಾನ. ಡೆಬಿಯನ್ ತನ್ನ ಸ್ಥಿರ ಆವೃತ್ತಿಯನ್ನು ಸುಮಾರು ಐದು ವರ್ಷ ಪೋಷಿಸುತ್ತದೆ. ಹಣ ಪಡೆದು ಸೇವೆ ಕೊಡುವ ರೆಡ್ ಹ್ಯಾಟ್ ಹತ್ತು ವರ್ಷ ನಡೆಸುತ್ತದೆ. ದೀರ್ಘ ಬೆಂಬಲ ಬೇಕಾದವರು ಅದರ ಬೆಲೆಯನ್ನು ಎಲ್ಲಿಯೋ ತೆರುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದು ಎಣಿಕೆಯ ಮಾನ: ಹಳೆಯದನ್ನು ಬಳಸುವವರು ಎಷ್ಟು ಮಂದಿ ಎಂದು ನೋಡಿ ಬಿಡುವುದು. ವ್ಯಾಪಾರಿಯಾದ ನನಗೆ ಈ ಮಾನದ ಮೇಲೆ ಸಂಶಯವಿದೆ. ಪೇಟೆಯಲ್ಲಿ ಕೂಗುವ ಗಿರಾಕಿಯ ಬೇಡಿಕೆ ಕೇಳಿಸುತ್ತದೆ. ಹೊಸ್ತಿಲು ಹತ್ತದೆ ಹಿಂದಿರುಗಿದವನ ಬೇಡಿಕೆ ಯಾವ ಕಿರ್ದಿಯಲ್ಲಿಯೂ ದಾಖಲಾಗುವುದಿಲ್ಲ. ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಅಂತರಜಾಲವಿಲ್ಲದ ಹತ್ತು ಯಂತ್ರಗಳಿಗೆ ಹಾಕಿಕೊಂಡರೆ ಎಣಿಕೆಯಲ್ಲಿ ಅದು ಒಂದೇ. ಇತ್ತ ದೊಡ್ಡ ಕಂಪನಿಯ ಯಂತ್ರಗಳು ಪರೀಕ್ಷೆಗೆಂದು ದಿನಕ್ಕೆ ಸಾವಿರ ಸಲ ಇಳಿಸಿಕೊಂಡರೆ ಎಣಿಕೆಯಲ್ಲಿ ಅದು ಸಾವಿರ. ಸಂಖ್ಯೆ ಸುಳ್ಳು ಹೇಳುವುದಿಲ್ಲ, ಆದರೆ ಬಾಯಿಲ್ಲದವರ ಪರವಾಗಿ ಅದು ಸಾಕ್ಷಿ ನುಡಿಯುವುದೂ ಇಲ್ಲ. ಎಣಿಕೆ ಮಾಡುವ ಪಾಲಕನು, ಎಣಿಕೆಗೆ ಸಿಗದವರು ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು ಧರ್ಮ.

ಮೇಲಿನ ಗೆರೆಯ ವಿಷಯವೂ ಇದೆ. ಕೆಲವರು, ಮುಂದೆ ಬರುವ ಹೊಸ ಆವೃತ್ತಿಯೊಡನೆ ಇದು ನಡೆಯದು ಎಂದು ಪರೀಕ್ಷಿಸದೆಯೇ ತಡೆ ಹಾಕಿಬಿಡುತ್ತಾರೆ. ಕೊನೆಯ ಬಳಕೆಗೆಂದು ಸಿದ್ಧವಾದ ತಂತ್ರಾಂಶ ತನ್ನ ಅವಲಂಬನೆಗಳನ್ನು ಒಂದೇ ಆವೃತ್ತಿಗೆ ಬಿಗಿದರೆ ತೊಂದರೆಯಿಲ್ಲ. ಆದರೆ ಬೇರೆ ತಂತ್ರಾಂಶಗಳ ಒಳಗೆ ಸೇರುವ ಭಾಗವೊಂದು ಹೀಗೆ ತಡೆ ಹಾಕಿದರೆ, ಅದನ್ನು ನೆಚ್ಚಿದ ಎಲ್ಲರೂ ಕಟ್ಟುಬೀಳುತ್ತಾರೆ. ಎರಡು ಭಾಗಗಳ ತಡೆಗಳು ಪರಸ್ಪರ ವಿರುದ್ಧವಾದರೆ ಎರಡನ್ನೂ ಕೂಡಿಸಿ ಬಳಸುವುದೇ ಅಸಾಧ್ಯವಾಗುತ್ತದೆ. ಪರೀಕ್ಷಿಸದೆ ನಡೆಯುತ್ತದೆ ಎನ್ನುವುದು ಹೇಗೆ ಅಸತ್ಯವೋ, ಪರೀಕ್ಷಿಸದೆ ನಡೆಯದು ಎನ್ನುವುದೂ ಹಾಗೆಯೇ. ಕಂಡದ್ದನ್ನು ಕಂಡಷ್ಟೇ ಹೇಳುವುದು ಪಾಲಕನಿಗೆ ಸಲ್ಲುವ ಸತ್ಯ.

ಗಡುವಿನ ಕರುಣೆ

ಗಡುವು ಹಾಕುವುದು ನಿರ್ದಯವೆಂದು ಕೆಲವರು ತಿಳಿಯುತ್ತಾರೆ. ಪೈಥಾನ್‌ನ ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ. 2008ರ ಡಿಸೆಂಬರಿನಲ್ಲಿ ಮೂರನೆಯ ಪೀಳಿಗೆ ಬಂದರೂ ಜನ ಎರಡನೆಯದನ್ನು ಬಿಡಲಿಲ್ಲ. 2015ಕ್ಕೆಂದು ಇದ್ದ ಗಡುವನ್ನು 2014ರಲ್ಲಿ ಐದು ವರ್ಷ ಮುಂದೂಡಿದರು. 2020ರ ಜನವರಿ 1ಕ್ಕೆ ಅದು ನಿಂತಿತು. ಹನ್ನೊಂದು ವರ್ಷಗಳ ಕಾಲ ಸಾವಿರಾರು ಯೋಜನೆಗಳು ಎರಡು ದೋಣಿಗಳಲ್ಲಿ ಕಾಲಿಟ್ಟು ಸಾಗಬೇಕಾಯಿತು. ಆ ವಿಸ್ತರಣೆಯಿಂದ ನಿಜವಾಗಿ ಕಷ್ಟದಲ್ಲಿದ್ದವರಿಗೆ ಉಪಕಾರವಾಯಿತು. ನಾಳೆ ನೋಡೋಣ ಎಂದವರಿಗೂ ಇನ್ನೊಂದು ನಾಳೆ ಸಿಕ್ಕಿತು. ಕೊನೆಯ ದಿನವಿಲ್ಲದ ಉದ್ರಿ ಸಾಲಗಾರನನ್ನೂ ಕೆಡಿಸುತ್ತದೆ, ಅಂಗಡಿಯನ್ನೂ ಕೆಡಿಸುತ್ತದೆ. ಇದಕ್ಕೆ ಹೋಲಿಸಿದರೆ ಫೈರ್‌ಫಾಕ್ಸ್ ನಡೆದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. 2023ರ ಜುಲೈಯಲ್ಲಿ ಬಂದ 115ನೆಯ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದೆಂದು ಸಾರಿ, ಆ ಒಂದಕ್ಕೆ ಸುರಕ್ಷತೆಯ ತಿದ್ದುಪಡಿಗಳನ್ನು ಮಾತ್ರ ಕೊಡುತ್ತ, ಬಳಸುವವರು ಇನ್ನೂ ಬಹಳ ಮಂದಿ ಉಳಿದಿರುವುದನ್ನು ಕಂಡು ಮೊದಲು ಹಾಕಿದ 2024ರ ಸೆಪ್ಟೆಂಬರಿನ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು. ಇಲ್ಲಿ ಹೊಸ ಕಟ್ಟಡ ನಿಲ್ಲಲಿಲ್ಲ, ಹಳೆಯ ಮನೆಗೆ ಬೀಗವೂ ಬೀಳಲಿಲ್ಲ.

ಯಂತ್ರ ಬೇರೆ, ಬರವಣಿಗೆ ಬೇರೆ

ಇಷ್ಟು ದೂರ ಬಂದ ಮೇಲೆ ಒಂದು ವಿವೇಚನೆ ಅಗತ್ಯ. ಹಳೆಯದನ್ನು ಬೆಂಬಲಿಸುವುದು ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಹೊಣೆಗಳು ಸೇರಿಕೊಂಡಿವೆ. ಹಳೆಯ ಯಂತ್ರದಲ್ಲಿ ನಡೆಯುವುದು ಒಂದು; ಹಳೆಯ ಬರವಣಿಗೆಯನ್ನು ಓದುವುದು ಇನ್ನೊಂದು.

ನಮ್ಮ ಹಿಂದಿನ ತಲೆಮಾರಿನ ವ್ಯಾಪಾರಸ್ಥರು ಇಂಥದೇ ಬದಲಾವಣೆಯನ್ನು ಕಂಡವರು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಎಂಬ ದಶಮಾಂಶ ಪದ್ಧತಿ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 192 ಪೈ. ಒಂದು ಆಣೆ ಆರೂಕಾಲು ಪೈಸೆಗೆ ಸಮವಾದುದರಿಂದ ಚಿಲ್ಲರೆಯ ಲೆಕ್ಕ ನೇರವಾಗಿ ಕೂಡುತ್ತಿರಲಿಲ್ಲ. ಕೆಲಕಾಲ ಎರಡೂ ನಾಣ್ಯಗಳು ಜೊತೆಯಾಗಿ ಚಲಾವಣೆಯಲ್ಲಿದ್ದು, ಅನಂತರ ಆಣೆ ಮರೆಯಾಯಿತು. ನಾಣ್ಯ ಹೋಯಿತು, ಆದರೆ ಆಣೆಯಲ್ಲಿ ಬರೆದಿಟ್ಟ ಸಾಲ ಹೋಗಲಿಲ್ಲ. ಹಳೆಯ ಖಾತೆಯ ರೂಪಾಯಿ ಆಣೆ ಪೈಗಳನ್ನು ಹೊಸ ಲೆಕ್ಕಕ್ಕೆ ತಿರುಗಿಸಿ, ಕೊಡುವವನು ಕೊಟ್ಟನು, ಪಡೆಯುವವನು ಪಡೆದನು. ಹೊಸ ನಾಣ್ಯ ಬಂದಿತೆಂಬ ನೆಪದಲ್ಲಿ ಹಳೆಯ ಪುಟವನ್ನು ಓದಲು ನಿರಾಕರಿಸಿದ ಅಂಗಡಿಯನ್ನು ಯಾರೂ ಪ್ರಾಮಾಣಿಕವೆಂದು ಕರೆಯುತ್ತಿರಲಿಲ್ಲ.

ತಂತ್ರಾಂಶಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಪೈಥಾನ್ 3.8 ನಾಣ್ಯದಂತೆ, ಕಾಲ ಮುಗಿದಾಗ ಅದನ್ನು ಹಿಂತೆಗೆದುಕೊಳ್ಳಬಹುದು. ನುಡಿಯ ಹಳೆಯ ಸಂಕೇತದಲ್ಲಿ ಬರೆದ ಕಡತ ಖಾತೆಯ ಪುಟದಂತೆ. ಅದನ್ನು ಓದುವ ಹೊಣೆಗೆ ಅಷ್ಟು ಸುಲಭವಾಗಿ ಅವಧಿ ಹಾಕಲಾಗದು. ಪರಿವರ್ತಕದ ಪಾಲಕನು ವಿಂಡೋಸ್ 7ನ್ನು ಬಿಡಬಹುದು. ಹಳೆಯ ಅಕ್ಷರಶೈಲಿಗಳ ಕೋಷ್ಟಕವನ್ನು, ಈಗ ಬಳಸುವವರು ಕಡಮೆ ಎಂಬ ಕಾರಣಕ್ಕೆ, ಅಳಿಸಬಾರದು. ಕಡತವನ್ನು ಬೇರೊಂದು ಹೊಸ ಯಂತ್ರಕ್ಕೆ ಒಯ್ದು ಪರಿವರ್ತಿಸಬಹುದು. ಕೋಷ್ಟಕವೇ ಇಲ್ಲವಾದರೆ ಯಾವ ಯಂತ್ರಕ್ಕೆ ಒಯ್ದರೂ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯೇ. ಅದೃಷ್ಟವಶಾತ್ ಇವೆರಡರ ಭಾರವೂ ಸಮನಲ್ಲ. ಹಳೆಯ ಯಂತ್ರವನ್ನು ಹೊರುವುದು ದಿನದಿನವೂ ಬೆಳೆಯುವ ಭಾರ, ಏಕೆಂದರೆ ಸುತ್ತಲಿನ ಎಲ್ಲವೂ ಚಲಿಸುತ್ತಿರುತ್ತದೆ. ಹಳೆಯ ಕೋಷ್ಟಕ ಒಮ್ಮೆ ಬರೆದರೆ ಬದಲಾಗದು, ಏಕೆಂದರೆ ಆ ಸಂಕೇತವೇ ಇನ್ನು ಬದಲಾಗುವಂತಿಲ್ಲ. ಹೊಣೆ ದೀರ್ಘವಾದಲ್ಲಿ ಭಾರ ಕಡಮೆ, ಭಾರ ಹೆಚ್ಚಾದಲ್ಲಿ ಹೊಣೆಗೆ ಅವಧಿ. ಪಾಲಕನಿಗೂ ಬಳಸುವವನಿಗೂ ಅನ್ಯಾಯವಾಗದ ಗೆರೆ ಇಲ್ಲಿ ದೊರೆಯುತ್ತದೆಂದು ನನ್ನ ಅಭಿಪ್ರಾಯ.

ಇಷ್ಟಾದರೂ ಎಲ್ಲವೂ ಬಗೆಹರಿಯಿತೆಂದು ಹೇಳಲಾರೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡು ಬದುಕಿಸಬಹುದೆಂಬ ಸಲಹೆ ಇದೆ. ಆದರೆ ಪೇಜ್‌ಮೇಕರನ್ನೇ ನೆಚ್ಚಿದ ಮುದ್ರಕನಿಗೆ ಆ ಸಲಹೆ ಅನ್ನ ಕೊಡುವುದಿಲ್ಲ. ಆತನಿಗೆ ಆಗುವ ನಷ್ಟ ನಿಜವಾದ ನಷ್ಟವೇ. ನಿಯಮ ನ್ಯಾಯವಾದುದೆಂಬ ಮಾತ್ರಕ್ಕೆ ಅದರಿಂದ ನೊಂದವನ ನೋವು ಸುಳ್ಳಾಗುವುದಿಲ್ಲ. ಆ ನೋವನ್ನು ಒಬ್ಬ ಪಾಲಕನ ತಲೆಗೆ ಹೊರಿಸುವುದೂ ಸರಿಯಲ್ಲ. ಅದನ್ನು ಹಂಚಿಕೊಳ್ಳಬೇಕಾದವರು, ಆ ಮುದ್ರಕನ ಕೆಲಸದಿಂದ ಇಷ್ಟು ವರ್ಷ ಪ್ರಯೋಜನ ಪಡೆದ ನಾವು.

ಪಡೆದವರ ಕರ್ತವ್ಯ

ಪಾಲಕನ ಕರ್ತವ್ಯವನ್ನು ಸಂಗ್ರಹಿಸಿ ಹೇಳುವುದಾದರೆ, ಗೆರೆಯ ನಿಯಮವನ್ನು ಮೊದಲೇ ಬರೆದಿಡುವುದು, ಬಿಡುವ ದಿನಾಂಕವನ್ನು ಒಂದು ವರ್ಷದಷ್ಟಾದರೂ ಮುಂಚೆ ಸಾರುವುದು, ಹಳೆಯ ಯಂತ್ರಕ್ಕೆ ಹೊಂದುವ ಕೊನೆಯ ಪ್ರತಿಯನ್ನು ಸುಲಭವಾಗಿ ಸಿಗುವಂತೆ ಇಡುವುದು, ಘೋರ ದೋಷ ಕಂಡಾಗ ಶಕ್ತಿಯಿದ್ದಷ್ಟು ಹಿಂದಿರುಗಿ ನೋಡುವುದು. ಇದಕ್ಕಿಂತ ಹೆಚ್ಚನ್ನು ಉಚಿತವಾಗಿ ದುಡಿಯುವವನಿಂದ ಕೇಳುವ ಹಕ್ಕು ಯಾರಿಗೂ ಇಲ್ಲ.

ಪಡೆದವರಾದ ನಮ್ಮ ಕರ್ತವ್ಯ ಇದಕ್ಕಿಂತ ಕಿರಿದಲ್ಲ. ಟ್ರಸ್ಟುಗಳ ಆಡಳಿತ ಮಂಡಳಿಯವರು ತಮ್ಮ ಕಚೇರಿಯ ಹಾಗೂ ತಮ್ಮ ಮುದ್ರಕರ ಯಂತ್ರದಲ್ಲಿ ಹಳೆಯ ಸಂಕೇತದ ಕಡತಗಳು ಯಾವುವಿವೆ ಎಂದು ಪಟ್ಟಿ ಮಾಡಿಸಬೇಕು. ಅವುಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಬೇಕು. ಯಂತ್ರ ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ಕೆಟ್ಟಿವೆಯೇ ಎಂದು ಮೂಲದೊಡನೆ ತಾಳೆ ನೋಡಿಸಬೇಕು. ಮೂಲ ಕಡತವನ್ನೂ, ಅದರ ಅಕ್ಷರಶೈಲಿಯನ್ನೂ ಅಳಿಸದೆ ಉಳಿಸಬೇಕು. ಕನ್ನಡ ಬಲ್ಲ ತರುಣನೊಬ್ಬನಿಗೆ ಈ ಕೆಲಸಕ್ಕೆ ಯೋಗ್ಯ ಸಂಭಾವನೆ ಕೊಡುವುದು ವಾರ್ಷಿಕ ಖರ್ಚಿನಲ್ಲಿ ದೊಡ್ಡ ಬಾಬತ್ತಾಗದು. ಉಚಿತವಾಗಿ ದೊರೆತ ಪರಿವರ್ತಕದ ಪಾಲಕನಿಗೆ, ಎಲ್ಲಿ ತಪ್ಪು ಬಂದಿತೆಂದು ಮಾದರಿ ಸಹಿತ ಬರೆದು ತಿಳಿಸಿದರೆ ಅದು ಆತನಿಗೆ ಹಣಕ್ಕಿಂತ ಹೆಚ್ಚಿನ ನೆರವು. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ, ಕಟ್ಟಡ ದುರಸ್ತಿಯ ಬಾಬಿನ ಕೆಳಗೆ, ಕಡತ ದುರಸ್ತಿಯೆಂದು ಇನ್ನೊಂದು ಬಾಬನ್ನು ಸೇರಿಸಬೇಕೆಂದು ಟ್ರಸ್ಟುಗಳ ಹಿರಿಯರಲ್ಲಿ ವಿನಂತಿ.